ಗಾಸ್ಪಾರ್ ಮೋಂಜ್: ತಂಡಗಳಲ್ಲಿ ಗಣಿತ ಕಲಿಸಿದ ಗುರು

ಗುಂಪು ಯೋಜನೆ, ಸಹಪಾಠಿ ಕಲಿಕೆ ಎಂಬ ಪದಗಳು ನಮ್ಮ ಬೋಧನಾ ವಿಧಾನದ ಪುಸ್ತಕಗಳಲ್ಲಿ ಹೊಸ ಕಾಲದ ಪದಗಳಂತೆ ಕಾಣುತ್ತವೆ. ಆದರೆ ಉನ್ನತ ಶಿಕ್ಷಣದ ಮೊದಲ ಮೆಟ್ಟಿಲಲ್ಲಿರುವ ವಿದ್ಯಾರ್ಥಿಗಳಿಗೆ ಕಲನಶಾಸ್ತ್ರವನ್ನೂ ರೇಖಾಗಣಿತವನ್ನೂ ಚಿಕ್ಕ ತಂಡಗಳಲ್ಲಿ ಕಲಿಸುವ ದೊಡ್ಡ ಪ್ರಯತ್ನವೊಂದು 1794ರಲ್ಲೇ ಪ್ಯಾರಿಸ್‌ನಲ್ಲಿ ಆರಂಭವಾಗಿತ್ತು. ಅದನ್ನು ರೂಪಿಸಿದವರಲ್ಲಿ ಪ್ರಮುಖರು ಫ್ರಾನ್ಸಿನ ಗಣಿತಜ್ಞ ಗಾಸ್ಪಾರ್ ಮೋಂಜ್. ಗಣಿತದ ಇತಿಹಾಸದಲ್ಲಿ ಅವರು ವಿವರಣಾತ್ಮಕ ರೇಖಾಗಣಿತದ ಜನಕರೆಂದು ಪ್ರಸಿದ್ಧರು. ಶಿಕ್ಷಕ ವೃತ್ತಿಗೆ ಸಿದ್ಧವಾಗುತ್ತಿರುವ ನಾನು ಇಲ್ಲಿ ಅವರನ್ನು ಮುಖ್ಯವಾಗಿ ಒಬ್ಬ ಶಿಕ್ಷಕರಾಗಿ ನೋಡಲು ಬಯಸುತ್ತೇನೆ.

ಬಾಲ್ಯ ಮತ್ತು ಮೆಜಿಯೇರ್ ಶಾಲೆ

ಮೋಂಜ್ ಹುಟ್ಟಿದ್ದು 1746ರ ಮೇ ತಿಂಗಳಲ್ಲಿ, ಬರ್ಗಂಡಿ ಪ್ರಾಂತ್ಯದ ಬೋನ್ ಎಂಬ ಊರಿನಲ್ಲಿ. ತಂದೆ ಸಾಮಾನ್ಯ ವ್ಯಾಪಾರಿ. ಊರಿನ ಶಾಲೆಯಲ್ಲಿ ಓದು ಮುಗಿಸಿ ಲಿಯಾನ್ ನಗರದ ಕಾಲೇಜಿಗೆ ಹೋದ ಹುಡುಗ ಅಲ್ಲಿ ಹದಿಹರೆಯದಲ್ಲೇ ಭೌತಶಾಸ್ತ್ರ ಪಾಠ ಮಾಡಿದರು. ರಜೆಗೆ ಬಂದಾಗ ತಮ್ಮ ಊರಿನ ದೊಡ್ಡ ನಕಾಶೆಯೊಂದನ್ನು, ಅದಕ್ಕೆ ಬೇಕಾದ ಉಪಕರಣಗಳನ್ನು ತಾವೇ ಮಾಡಿಕೊಂಡು, ಬರೆದರು. ಅದನ್ನು ನೋಡಿ ಮೆಚ್ಚಿದ ಸೇನಾ ಅಧಿಕಾರಿಯೊಬ್ಬರು ಮೆಜಿಯೇರ್‌ನ ಸೈನಿಕ ಎಂಜಿನಿಯರಿಂಗ್ ಶಾಲೆಗೆ ಅವರ ಹೆಸರನ್ನು ಶಿಫಾರಸು ಮಾಡಿದರು.

ಆ ಶಾಲೆಯಲ್ಲಿ ಅಧಿಕಾರಿಗಳಾಗಿ ಓದುವ ಅವಕಾಶ ಇದ್ದದ್ದು ಕುಲೀನ ಮನೆತನದವರಿಗೆ. ವ್ಯಾಪಾರಿಯ ಮಗನಾದ ಮೋಂಜ್ ಅವರಿಗೆ ನಕಾಶೆ ಬಿಡಿಸುವ, ಪ್ಲಾಸ್ಟರ್ ಮಾದರಿ ಮಾಡುವ ಕಾರ್ಯಾಗಾರದಲ್ಲಿ ಜಾಗ ಸಿಕ್ಕಿತು. ಸ್ವಲ್ಪ ಕಾಲದ ನಂತರ ಅವರಿಗೊಂದು ಲೆಕ್ಕ ಒಪ್ಪಿಸಲಾಯಿತು: ಎತ್ತರದ ಜಾಗದಿಂದ ಶತ್ರು ಹಾರಿಸುವ ಗುಂಡು ಕೋಟೆಯೊಳಗಿನವರಿಗೆ ತಾಗದಂತೆ ಗೋಡೆಗಳ ಎತ್ತರ ಎಷ್ಟಿರಬೇಕು? ಆಗಿನ ಪದ್ಧತಿಯಲ್ಲಿ ಇದಕ್ಕೆ ಬಹಳ ದೀರ್ಘವಾದ ಅಂಕಗಣಿತ ಬೇಕಿತ್ತು. ಮೋಂಜ್ ರೇಖಾಚಿತ್ರದ ಮೂಲಕವೇ ಉತ್ತರ ತಂದರು. ಅಷ್ಟು ಬೇಗ ಮುಗಿದಿರಲು ಸಾಧ್ಯವಿಲ್ಲವೆಂದು ಮೇಲಧಿಕಾರಿ ಮೊದಲು ಅದನ್ನು ಪರಿಶೀಲಿಸಲೂ ಒಪ್ಪಲಿಲ್ಲ. ಪರಿಶೀಲಿಸಿದ ಮೇಲೆ ಆ ವಿಧಾನವನ್ನು ಸೇನೆಯ ರಹಸ್ಯವೆಂದು ಕಾಪಾಡಲಾಯಿತು. 1769ರಲ್ಲಿ ಅವರು ಅದೇ ಶಾಲೆಯ ಗಣಿತ ಪ್ರಾಧ್ಯಾಪಕರಾದರು. 1780ರಲ್ಲಿ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ಫ್ರೆಂಚ್ ಕ್ರಾಂತಿಯ ದಿನಗಳಲ್ಲಿ, 1792ರ ಆಗಸ್ಟ್‌ನಿಂದ ಸುಮಾರು ಎಂಟು ತಿಂಗಳು ನೌಕಾ ಮಂತ್ರಿಯೂ ಆಗಿದ್ದರು.

ಇಪ್ಪತ್ತರ ತಂಡಗಳು

ಕ್ರಾಂತಿಯ ನಂತರ ದೇಶದಲ್ಲಿ ಎಂಜಿನಿಯರುಗಳ ಕೊರತೆ ಉಂಟಾಯಿತು. ಹಳೆಯ ಶಾಲೆಗಳು ಅಸ್ತವ್ಯಸ್ತವಾಗಿದ್ದವು. 1794ರಲ್ಲಿ ಸರ್ಕಾರ ಹೊಸ ಶಾಲೆಯೊಂದನ್ನು ಸ್ಥಾಪಿಸಿತು. ಮರುವರ್ಷ ಅದಕ್ಕೆ ಎಕೋಲ್ ಪಾಲಿಟೆಕ್ನಿಕ್ ಎಂಬ ಹೆಸರು ಬಂತು. ಬೇರೆ ಬೇರೆ ಊರುಗಳಲ್ಲಿ ಪ್ರವೇಶ ಪರೀಕ್ಷೆ ನಡೆಸಿ ಸುಮಾರು 400 ಯುವಕರನ್ನು ಆರಿಸಲಾಯಿತು. ಮನೆತನ ಕೇಳಲಿಲ್ಲ, ಗಣಿತ ಕೇಳಿದರು. ಆರಂಭದ ವರ್ಷಗಳಲ್ಲಿ ವಿದ್ಯಾರ್ಥಿಗಳಿಗೆ ಭತ್ಯೆಯನ್ನೂ ಕೊಡುತ್ತಿದ್ದರು.

ಮೂರು ವರ್ಷದ ಪಠ್ಯದ ಸಾರವನ್ನು ಮೊದಲ ಮೂರು ತಿಂಗಳಲ್ಲಿ ಎಲ್ಲರಿಗೂ ಹೇಳಿ, ನಂತರ ಅವರನ್ನು ಮೂರು ವರ್ಷದ ತರಗತಿಗಳಿಗೆ ಹಂಚುವುದು ಯೋಜನೆಯಾಗಿತ್ತು. 400 ಜನರಿಗೆ ಒಟ್ಟಿಗೆ ಉಪನ್ಯಾಸ ಮಾಡಿದರೆ ಕೇಳಿಸಿಕೊಂಡವರು ಎಷ್ಟು, ಅರ್ಥಮಾಡಿಕೊಂಡವರು ಎಷ್ಟು ಎಂದು ತಿಳಿಯುವುದು ಹೇಗೆ? ಇದಕ್ಕೆ ಅವರು ಕಂಡುಕೊಂಡ ದಾರಿ ಬ್ರಿಗೇಡ್ ಎಂದು ಕರೆದ ಚಿಕ್ಕ ತಂಡ. ಸುಮಾರು ಇಪ್ಪತ್ತು ವಿದ್ಯಾರ್ಥಿಗಳಿಗೆ ಒಂದು ತಂಡ, ಅದಕ್ಕೊಂದು ಕೋಣೆ, ಒಬ್ಬ ತಂಡನಾಯಕ. ಉಪನ್ಯಾಸ ಮುಗಿದ ಮೇಲೆ ವಿದ್ಯಾರ್ಥಿಗಳು ತಮ್ಮ ಕೋಣೆಗೆ ಹೋಗಿ ಆ ದಿನದ ಲೆಕ್ಕ ಮಾಡುತ್ತಿದ್ದರು, ನಕ್ಷೆ ಬಿಡಿಸುತ್ತಿದ್ದರು. ಸಿಕ್ಕಿಕೊಂಡವರಿಗೆ ತಂಡನಾಯಕ ನೆರವಾಗುತ್ತಿದ್ದ.

ಈ ಕಲ್ಪನೆ ಮೋಂಜ್ ಒಬ್ಬರದೇ ಅಲ್ಲ. ಪ್ಯಾರಿಸ್‌ನ ಸೇತುವೆ ಮತ್ತು ರಸ್ತೆ ಎಂಜಿನಿಯರಿಂಗ್ ಶಾಲೆಯಲ್ಲಿ ಹಿರಿಯ ವಿದ್ಯಾರ್ಥಿಗಳೇ ಕಿರಿಯರಿಗೆ ಕಲಿಸುವ ಪದ್ಧತಿ ಮೊದಲಿನಿಂದಲೂ ಇತ್ತು. ಹೊಸ ಶಾಲೆಯ ಮೊದಲ ನಿರ್ದೇಶಕ ಲಾಂಬ್ಲಾರ್ದಿ ಬಂದದ್ದು ಅಲ್ಲಿಂದಲೇ. ಮೋಂಜ್ ಅವರ ದೊಡ್ಡ ಕೊಡುಗೆ ತಂಡನಾಯಕರ ತರಬೇತಿಯಲ್ಲಿದೆ. ಶಾಲೆ ತೆರೆಯುವ ಮೊದಲೇ ಚುರುಕಾದ ಕೆಲವು ವಿದ್ಯಾರ್ಥಿಗಳನ್ನು ಆರಿಸಿ, ಅವರಿಗೆ ತಾವೇ ಪಾಠ ಮಾಡಿ, ಅವರ ಜೊತೆ ಕುಳಿತು ಲೆಕ್ಕ ಮಾಡಿಸಿದರು. ಹೀಗೆ ಮುಂದೆ ಬಂದವರಲ್ಲಿ ಬಯೋ ಮತ್ತು ಮಾಲಸ್ ಇದ್ದರು. ಬಿ.ಎಸ್ಸಿ.ಯಲ್ಲಿ ಬಯೋ-ಸವಾರ್ ನಿಯಮವನ್ನೂ ಬೆಳಕಿನ ಧ್ರುವೀಕರಣದ ಮಾಲಸ್ ನಿಯಮವನ್ನೂ ಓದಿದ ನಮಗೆ ಈ ಹೆಸರುಗಳು ಪರಿಚಿತ. ಅವರು ಒಂದು ಕಾಲದಲ್ಲಿ ಸಹಪಾಠಿಗಳಿಗೆ ಪಾಠ ಹೇಳಿಕೊಟ್ಟವರು ಎಂಬುದು ನನಗೆ ಮೋಂಜ್ ಅವರ ಬಗ್ಗೆ ಓದುವಾಗಲಷ್ಟೇ ತಿಳಿಯಿತು.

ಒಬ್ಬರೇ ಗುರು, ಎರಡು ಶಾಲೆ

1795ರ ಜನವರಿಯಲ್ಲಿ ಪ್ಯಾರಿಸ್‌ನಲ್ಲೇ ಇನ್ನೊಂದು ಶಾಲೆ ತೆರೆಯಿತು. ಅದು ಶಿಕ್ಷಕರನ್ನು ತಯಾರು ಮಾಡುವ ಎಕೋಲ್ ನಾರ್ಮಾಲ್. ನಮ್ಮಲ್ಲಿ ಹಿಂದೆ ಶಿಕ್ಷಕರ ತರಬೇತಿ ಶಾಲೆಗಳನ್ನು ನಾರ್ಮಲ್ ಸ್ಕೂಲ್ ಎನ್ನುತ್ತಿದ್ದರಲ್ಲ, ಆ ಹೆಸರಿನ ಮೂಲ ಫ್ರೆಂಚ್ ಭಾಷೆಯ ಈ ಪದವೇ. ಲಗ್ರಾಂಜ್, ಲಾಪ್ಲಾಸ್, ಮೋಂಜ್ ಮೂವರೂ ಅಲ್ಲಿ ಗಣಿತದ ಪ್ರಾಧ್ಯಾಪಕರು. ಮೆಜಿಯೇರ್‌ನಲ್ಲಿ ರಹಸ್ಯವಾಗಿದ್ದ ರೇಖಾಗಣಿತವನ್ನು ಮೋಂಜ್ ಮೊದಲ ಬಾರಿಗೆ ಅಲ್ಲಿ ಬಹಿರಂಗವಾಗಿ ಕಲಿಸಿದರು. ಆದರೆ ಒಂದೇ ಸಭಾಂಗಣಕ್ಕೆ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು. ಕೆಲವರು ಆಗಲೇ ವಿದ್ವಾಂಸರು, ಹಲವರಿಗೆ ಪ್ರಾಥಮಿಕ ಗಣಿತವೂ ಗಟ್ಟಿಯಿರಲಿಲ್ಲ. ಪ್ರಶ್ನೋತ್ತರಕ್ಕೆ ಪ್ರತ್ಯೇಕ ದಿನಗಳಿದ್ದರೂ ಅಷ್ಟು ಜನರ ನಡುವೆ ಎದ್ದು ಕೇಳುವವರು ಕೆಲವರೇ. ಹಣದ ಮುಗ್ಗಟ್ಟು, ರಾಜಕೀಯ ಎಲ್ಲ ಸೇರಿ ಮೇ ತಿಂಗಳಲ್ಲಿ ಶಾಲೆ ಮುಚ್ಚಿತು. ಅದೇ ವರ್ಷ, ಅದೇ ನಗರದಲ್ಲಿ, ಅದೇ ಗುರುಗಳು ಕಲಿಸಿದ ಎಕೋಲ್ ಪಾಲಿಟೆಕ್ನಿಕ್ ಇಂದಿಗೂ ಇದೆ. ಎರಡಕ್ಕೂ ಇದ್ದ ವ್ಯತ್ಯಾಸಗಳು ಹಲವು. ತಂಡದ ಕೋಣೆ ಅವುಗಳಲ್ಲಿ ಒಂದು ಎಂದು ನನಗನ್ನಿಸುತ್ತದೆ.

ತಂಡದ ಕೋಣೆಗೂ ಮಿತಿಗಳಿದ್ದವು. ಲಗ್ರಾಂಜ್ ಅವರ ಕಲನಶಾಸ್ತ್ರದ ಪಾಠ ಅನೇಕರಿಗೆ ಕಠಿಣವಾಗಿಯೇ ಉಳಿಯಿತು. ಹುಡುಗಿಯರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಸೋಫಿ ಜೆರ್ಮೇನ್ ಎಂಬ ಯುವತಿ ಪಾಠದ ಟಿಪ್ಪಣಿಗಳನ್ನು ತರಿಸಿಕೊಂಡು ಮನೆಯಲ್ಲೇ ಓದಿ, ಲೆಬ್ಲಾಂಕ್ ಎಂಬ ಗಂಡಸಿನ ಹೆಸರಿನಲ್ಲಿ ಲಗ್ರಾಂಜ್ ಅವರಿಗೆ ಪ್ರಬಂಧ ಕಳಿಸಬೇಕಾಯಿತು. ತಂಡ ಮಾಡುವಾಗ ಹೊರಗೆ ಉಳಿದವರು ಯಾರು ಎಂದು ನೋಡುವುದೂ ಶಿಕ್ಷಕರ ಕೆಲಸವೆಂದು ಈ ಘಟನೆ ನೆನಪಿಸುತ್ತದೆ.

ಮಣ್ಣು ಸಾಗಿಸುವ ಲೆಕ್ಕ

ಮೋಂಜ್ ಅವರ 1781ರ ಪ್ರಬಂಧವೊಂದು ಇಂದಿನ ಗುಂಪು ಯೋಜನೆಗೂ ಒಪ್ಪುತ್ತದೆ. ಒಂದು ಕಡೆ ಅಗೆದ ಮಣ್ಣನ್ನು ಇನ್ನೊಂದು ಕಡೆಯ ಗುಂಡಿಗಳಿಗೆ ತುಂಬಬೇಕು. ಒಟ್ಟು ಶ್ರಮ ಅತಿ ಕಡಿಮೆಯಾಗುವಂತೆ ಸಾಗಿಸುವುದು ಹೇಗೆ? ಅಗಲ 4 ಮೀಟರ್, ಎತ್ತರ 3 ಮೀಟರ್ ಇರುವ ಒಂದು ಆಯತವನ್ನು ಬರೆಯೋಣ. ಎಡಬದಿಯ ಎರಡು ಮೂಲೆಗಳಲ್ಲಿ ಒಂದೊಂದು ಬುಟ್ಟಿ ಮಣ್ಣು, ಬಲಬದಿಯ ಎರಡು ಮೂಲೆಗಳಲ್ಲಿ ಒಂದೊಂದು ಗುಂಡಿ. ಕರ್ಣಗಳ ಮೇಲೆ ಸಾಗಿಸಿದರೆ ದೂರ 5 + 5 = 10 ಮೀಟರ್. ನೇರವಾಗಿ ಸಾಗಿಸಿದರೆ 4 + 4 = 8 ಮೀಟರ್. ದಾರಿಗಳು ಒಂದನ್ನೊಂದು ಕತ್ತರಿಸಬಾರದು ಎಂಬುದು ಮೋಂಜ್ ಕಂಡ ಮುಖ್ಯ ಅಂಶ. ತ್ರಿಭುಜದ ಎರಡು ಬಾಹುಗಳ ಮೊತ್ತ ಮೂರನೆಯದಕ್ಕಿಂತ ಹೆಚ್ಚು ಎಂಬ ಪ್ರೌಢಶಾಲೆಯ ಪ್ರಮೇಯದಿಂದಲೇ ಇದನ್ನು ಸಾಧಿಸಬಹುದು. ಮಣ್ಣು ಬುಟ್ಟಿಯಲ್ಲಿರದೆ ಉದ್ದಕ್ಕೂ ಹರಡಿಕೊಂಡಿದ್ದರೆ ಅದನ್ನು ಅತಿ ಸಣ್ಣ ತುಣುಕುಗಳಾಗಿ ಭಾವಿಸಿ ಕೂಡಬೇಕು. ಅನುಕಲನದ ಅಗತ್ಯ ಹುಟ್ಟುವುದು ಇಲ್ಲಿ.

ಪದವಿ ಮೊದಲ ವರ್ಷದ ತರಗತಿಗೆ ಈ ಯೋಜನೆ ಕೊಡುವುದಾದರೆ ನಾನು ಮೋಂಜ್ ಅವರ ಕ್ರಮವನ್ನು ಹೀಗೆ ಅನುಸರಿಸುತ್ತೇನೆ. ತಂಡಕ್ಕೆ ನಾಲ್ಕೈದು ಜನ. ಯೋಜನೆ ಕೊಡುವ ಒಂದು ವಾರ ಮೊದಲು ತಂಡಕ್ಕೊಬ್ಬರಂತೆ ಕರೆದು ಅವರಿಂದ ಲೆಕ್ಕ ಮಾಡಿಸಿ, ಉತ್ತರ ಹೇಳದೆ ಪ್ರಶ್ನೆ ಕೇಳುವುದನ್ನು ಅಭ್ಯಾಸ ಮಾಡಿಸುವುದು. ಮುಂದಿನ ಯೋಜನೆಗೆ ನಾಯಕತ್ವ ಬೇರೆಯವರಿಗೆ. ಕೊನೆಯಲ್ಲಿ ತಂಡದ ಯಾವ ಸದಸ್ಯರನ್ನು ಬೇಕಾದರೂ ಕರಿಹಲಗೆಗೆ ಕರೆದು ವಿವರಣೆ ಕೇಳುವುದು. ನಮ್ಮ ಪಾಠಯೋಜನೆಗಳಲ್ಲಿ ಗುಂಪು ಚಟುವಟಿಕೆಗೆ ಹತ್ತು ನಿಮಿಷ ಬರೆದಿರುತ್ತೇವೆ, ನಾಯಕನ ಸಿದ್ಧತೆಗೆ ಒಂದು ಸಾಲೂ ಇರುವುದಿಲ್ಲ. ಸಿದ್ಧತೆಯಿಲ್ಲದ ತಂಡದಲ್ಲಿ ಲೆಕ್ಕ ಬರುವವರು ಮಾಡುತ್ತಾರೆ, ಉಳಿದವರು ಬರೆದುಕೊಳ್ಳುತ್ತಾರೆ.

ಕೊನೆಯ ದಿನಗಳು

1798ರಲ್ಲಿ ಮೋಂಜ್ ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋದರು. ಅಲ್ಲಿ ಸೈನಿಕರಿಗೆ ಮರುಭೂಮಿಯಲ್ಲಿ ಕಂಡ ಮರೀಚಿಕೆಗೆ ವೈಜ್ಞಾನಿಕ ವಿವರಣೆ ಕೊಟ್ಟರು. ಮರಳಿ ಬಂದು ಮತ್ತೆ ಪಾಠ ಮಾಡಿದರು. ಮೇಲ್ಮೈಗಳಿಗೆ ಕಲನಶಾಸ್ತ್ರವನ್ನು ಅನ್ವಯಿಸುವ ಅವರ ಪಾಠಗಳು ಪುಸ್ತಕವಾಗಿ ಬಂದವು. 1804ರಲ್ಲಿ ನೆಪೋಲಿಯನ್ ಶಾಲೆಯನ್ನು ಸೈನಿಕ ಶಿಸ್ತಿಗೆ ಒಳಪಡಿಸಿದ.

ನೆಪೋಲಿಯನ್ ಪತನದ ನಂತರ ರಾಜನ ಆಳ್ವಿಕೆ ಮರಳಿತು. 1816ರಲ್ಲಿ ಮೋಂಜ್ ಅವರನ್ನು ವಿದ್ವತ್ ಸಂಸ್ಥೆಯಿಂದ ಹೊರಹಾಕಲಾಯಿತು. 1818ರ ಜುಲೈ 28ರಂದು ಅವರು ತೀರಿಕೊಂಡಾಗ ಶಾಲೆಯ ವಿದ್ಯಾರ್ಥಿಗಳಿಗೆ ಅಂತ್ಯಕ್ರಿಯೆಗೆ ಹೋಗಲು ಅನುಮತಿ ಸಿಗಲಿಲ್ಲ. ರಜೆ ಸಿಕ್ಕಾಗ ಅವರು ಸ್ಮಶಾನಕ್ಕೆ ಹೋಗಿ ಗುರುವಿನ ಸಮಾಧಿಗೆ ನಮಿಸಿ ಬಂದರು. ಅವರಲ್ಲಿ ಹೆಚ್ಚಿನವರು ಮೋಂಜ್ ಅವರ ಪಾಠವನ್ನು ನೇರವಾಗಿ ಕೇಳಿದವರಲ್ಲ. ಅವರು ಕಟ್ಟಿದ ಕ್ರಮದಲ್ಲಿ ಕಲಿಯುತ್ತಿದ್ದವರು.