ಪಲ್ಲಕ್ಕಿಯಲ್ಲಿ ವೀಣೆ: ವೈಣಿಕ ಶಿಖಾಮಣಿ ಶೇಷಣ್ಣನವರ ನೆನಪು



ಕನ್ನಡ ನಾಡಿನಲ್ಲಿ ವೀಣೆ ಎಂದೊಡನೆ ನೆನಪಾಗುವ ಹೆಸರು ಮೈಸೂರಿನ ವೀಣೆ ಶೇಷಣ್ಣನವರದು. ವಾದ್ಯವೇ ಮನೆತನದ ಹೆಸರಿನಂತೆ ಅವರೊಡನೆ ಸೇರಿಕೊಂಡಿತು.

ಶೇಷಣ್ಣನವರು 1852ರಲ್ಲಿ ಮೈಸೂರಿನಲ್ಲಿ ಜನಿಸಿದರು. ತಂದೆ ಚಿಕ್ಕರಾಮಪ್ಪನವರು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದ ವೈಣಿಕರು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡಾಗ, ತಲೆಮಾರುಗಳಿಂದ ಬಂದ ವಿದ್ಯೆ ಅಲ್ಲಿಗೇ ನಿಲ್ಲಬಹುದಿತ್ತು. ಅದು ಹಾಗಾಗದಂತೆ ಕಾಪಾಡಿದವರು ಅಕ್ಕ ವೆಂಕಮ್ಮನವರು. ಸ್ವತಃ ವೀಣೆ ಬಲ್ಲ ಅವರು ತಮ್ಮನನ್ನು ಕೂರಿಸಿಕೊಂಡು ಸಾಧನೆ ಮಾಡಿಸಿದರು. ಮುಂದೆ ದೊಡ್ಡ ಶೇಷಣ್ಣನವರಲ್ಲಿ ವೀಣೆಯ ಪಾಠವೂ ಮೈಸೂರು ಸದಾಶಿವರಾಯರಲ್ಲಿ ಹಾಡುಗಾರಿಕೆಯ ಪಾಠವೂ ಆಯಿತು.

ಸರಸ್ವತಿ ವೀಣೆಗೆ ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲುಗಳು. ನುಡಿಸಲು ನಾಲ್ಕು ತಂತಿ, ತಾಳಕ್ಕೆ ಮೂರು. ಇಷ್ಟರಲ್ಲೇ ಹಾಡುವ ಕೊರಳಿನ ಎಲ್ಲ ಬಳುಕನ್ನೂ ತರಬೇಕು. ಗಾಯನ ಕಲಿತ ಶೇಷಣ್ಣನವರಿಗೆ ಆ ಗುಟ್ಟು ತಿಳಿದಿತ್ತು. ಜಲತರಂಗ, ಪಿಟೀಲು, ಪಿಯಾನೊಗಳನ್ನೂ ನುಡಿಸುತ್ತಿದ್ದರು. ಸ್ವರಜತಿ, ತಿಲ್ಲಾನಗಳನ್ನು ರಚಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ವೈಣಿಕ ಶಿಖಾಮಣಿ ಎಂಬ ಬಿರುದನ್ನಿತ್ತರು.

ಬರೋಡೆಯ ಪ್ರಸಂಗವನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಮಹಾರಾಜ ಸಯಾಜಿರಾವ್ ಗಾಯಕವಾಡರು ಶೇಷಣ್ಣನವರನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಮೆರವಣಿಗೆ ಮಾಡಿಸಲು ಬಯಸಿದರಂತೆ. ಶೇಷಣ್ಣನವರು ಪಲ್ಲಕ್ಕಿಯಲ್ಲಿ ವೀಣೆಯನ್ನಿಟ್ಟು ತಾವು ನಡೆದೇ ಬಂದರಂತೆ. ಗೌರವ ಯಾವುದಕ್ಕೆ ಸಲ್ಲಬೇಕೆಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ.

ಗಡಿನಾಡಿನವರಾದ ನಮಗೆ ಇನ್ನೂ ಹತ್ತಿರವಾದದ್ದು 1924ರ ಬೆಳಗಾವಿ. ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಅಲ್ಲಿ ನಡೆಯಿತು. ಆಗ ಬೆಳಗಾವಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸೊಲ್ಲಾಪುರವೂ ಅದರಲ್ಲೇ, ಕಾಸರಗೋಡು, ಹೊಸೂರು, ಆದೋನಿ, ರಾಯದುರ್ಗಗಳು ಮದರಾಸಿನಲ್ಲಿ, ಜತ್ತ, ಅಕ್ಕಲಕೋಟೆಗಳು ಬೇರೆ ಸಂಸ್ಥಾನಗಳು. ಕನ್ನಡಿಗರು ಹೀಗೆ ಹಂಚಿಹೋಗಿದ್ದ ಕಾಲದಲ್ಲಿ, ಎಪ್ಪತ್ತು ದಾಟಿದ ಶೇಷಣ್ಣನವರು ಮೈಸೂರಿನಿಂದ ವೀಣೆಯೊಡನೆ ಅಲ್ಲಿಗೆ ಬಂದು ನುಡಿಸಿದರು. ಅದೇ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ ನಾಡಗೀತೆಯೂ ಮೊಳಗಿತು. ಒಂದೇ ರಾಜ್ಯವಾಗಲು ಇನ್ನೂ 32 ವರ್ಷ ಕಾಯಬೇಕಿತ್ತು. ಸಂಗೀತದಲ್ಲಿ ಆ ಒಂದಾಗುವಿಕೆ ಅಂದೇ ಕೇಳಿಬಂದಿತ್ತು.

1926ರ ಜುಲೈಯಲ್ಲಿ ಶೇಷಣ್ಣನವರು ತೀರಿಕೊಂಡರು. ಆದರೆ ವಿದ್ಯೆ ನಿಲ್ಲಲಿಲ್ಲ. ಶಿಷ್ಯ ವೀಣೆ ವೆಂಕಟಗಿರಿಯಪ್ಪನವರು ಮೈಸೂರು ಬಾನಿಯನ್ನು ಮುಂದಿನವರಿಗೆ ದಾಟಿಸಿದರು. ಚಿತ್ರಕಲಾವಿದ ಕೆ. ವೆಂಕಟಪ್ಪನವರೂ ಅವರಲ್ಲಿ ವೀಣೆ ಕಲಿತವರೇ.

1956ರಲ್ಲಿ ಗಡಿ ಎಳೆದಾಗ ನಮ್ಮ ಊರುಗಳು ಹೊರಗುಳಿದವು. ಶಾಲೆ, ಕಚೇರಿಗಳಲ್ಲಿ ಕನ್ನಡ ಕಡಿಮೆಯಾದರೂ ಮನೆಯಲ್ಲಿ ಅದನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ತಂದೆಯಿಲ್ಲದ ಮನೆಯಲ್ಲಿ ವೆಂಕಮ್ಮನವರು ಮಾಡಿದ್ದೂ ಅದನ್ನೇ: ತಮಗೆ ಗೊತ್ತಿದ್ದುದನ್ನು ಮನೆಯ ಹುಡುಗನಿಗೆ ದಿನವೂ ಹೇಳಿಕೊಟ್ಟರು. ನಮ್ಮ ಮಕ್ಕಳಿಗೆ ಶೇಷಣ್ಣನವರ ಕಥೆ ಹೇಳುವಾಗ ಆ ಅಕ್ಕನ ಹೆಸರನ್ನೂ ಮರೆಯದೆ ಹೇಳೋಣ.