ಮಿದುಳಿನ ನಾಳಗಳನ್ನು ತೋರಿಸಿದ ಎಗಾಸ್ ಮೋನಿಜ್

ಆಂಜಿಯೋಗ್ರಾಮ್ ಎಂದೊಡನೆ ನಮಗೆ ನೆನಪಾಗುವುದು ಹೃದಯ. ಆದರೆ ಹೃದಯದ ನಾಳಗಳಿಗೆ ಆ ಪರೀಕ್ಷೆ ರೂಢಿಗೆ ಬರುವ ಎಷ್ಟೋ ವರ್ಷ ಮೊದಲೇ ಮಿದುಳಿನ ನಾಳಗಳನ್ನು ಎಕ್ಸ್-ರೇಯಲ್ಲಿ ಮೂಡಿಸಿದವರು ಪೋರ್ಚುಗಲ್ಲಿನ ನರರೋಗ ವೈದ್ಯ ಎಗಾಸ್ ಮೋನಿಜ್.

ಅವರು 1874ರ ನವೆಂಬರ್ 29ರಂದು ಅವಾಂಕ ಎಂಬ ಹಳ್ಳಿಯಲ್ಲಿ ಜನಿಸಿದರು. ಹುಟ್ಟುಹೆಸರು ಬೇರೆ, 12ನೆಯ ಶತಮಾನದ ವೀರನೊಬ್ಬನ ವಂಶ ತಮ್ಮದೆಂದು ನಂಬಿದ್ದ ಪಾದ್ರಿ ಚಿಕ್ಕಪ್ಪನ ಒತ್ತಾಯದಿಂದ ಆ ವೀರನ ಹೆಸರೇ ಇವರದಾಯಿತು. ಕೊಯಿಂಬ್ರಾ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿ, 1911ರಲ್ಲಿ ಲಿಸ್ಬನ್ನಿನಲ್ಲಿ ನರರೋಗ ವಿಭಾಗದ ಪ್ರಾಧ್ಯಾಪಕರಾದರು. ರಾಜಕಾರಣದಲ್ಲಿಯೂ ಇದ್ದರು. ಸೆರೆಮನೆ ಕಂಡರು, ಸ್ಪೇನಿಗೆ ರಾಯಭಾರಿಯಾದರು, 1918ರಲ್ಲಿ ವಿದೇಶಾಂಗ ಸಚಿವರಾದರು. ಅದನ್ನೆಲ್ಲ ಬಿಟ್ಟು ಸಂಶೋಧನೆಯ ದೊಡ್ಡ ಕೆಲಸಕ್ಕೆ ಕೈಹಾಕಿದಾಗ ಅವರಿಗೆ ಐವತ್ತು ದಾಟಿತ್ತು. ಆ ಕೈಗಳಾದರೂ ಗೌಟ್ ರೋಗದಿಂದ ವಕ್ರಗೊಂಡಿದ್ದವು. ಆದ್ದರಿಂದ ಶಸ್ತ್ರ ಹಿಡಿದವರು ಕಿರಿಯ ಸಹೋದ್ಯೋಗಿ ಅಲ್ಮೇಡಾ ಲೀಮಾ.

ಕಷ್ಟವಿದ್ದುದು ಇಲ್ಲಿ: ಎಕ್ಸ್-ರೇಯಲ್ಲಿ ತಲೆಬುರುಡೆಯ ಮೂಳೆ ಕಾಣುತ್ತದೆ, ಒಳಗಿನ ಮೆತ್ತನೆಯ ಮಿದುಳು ಕಾಣುವುದಿಲ್ಲ. ಅಮೆರಿಕದ ವಾಲ್ಟರ್ ಡ್ಯಾಂಡಿ 1918ರಲ್ಲಿ ಮಿದುಳಿನ ಕುಹರಗಳಿಗೆ ಗಾಳಿ ತುಂಬಿ ಚಿತ್ರ ತೆಗೆಯುವ ವಿಧಾನವನ್ನು ಪ್ರಕಟಿಸಿದ್ದರು. ರೋಗಿಗೆ ಅದು ಬಹಳ ಯಾತನೆಯದು. ಎಕ್ಸ್-ಕಿರಣವನ್ನು ತಡೆಯುವ ದ್ರವವನ್ನು ರಕ್ತದಲ್ಲಿ ಬೆರೆಸಿದರೆ ನಾಳಗಳ ನೆರಳು ಬೀಳುತ್ತದೆ, ಗಡ್ಡೆಯಿದ್ದಲ್ಲಿ ನಾಳ ಪಕ್ಕಕ್ಕೆ ಸರಿದಿರುತ್ತದೆ ಎಂಬುದು ಮೋನಿಜ್ ಅವರ ಎಣಿಕೆ. ಶವಗಳ ಮೇಲೆಯೂ ನಾಯಿಗಳ ಮೇಲೆಯೂ ಪರೀಕ್ಷಿಸಿ, ಬಳಿಕ ರೋಗಿಗಳ ಕೊರಳಿನ ಅಪಧಮನಿಗೆ ಸ್ಟ್ರಾನ್ಷಿಯಂ ಬ್ರೋಮೈಡ್ ಚುಚ್ಚಿದರು. ಒಬ್ಬ ರೋಗಿ ಮೃತಪಟ್ಟರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವರು ದ್ರವವನ್ನು ಬದಲಿಸಿದರು. 1927ರ ಜೂನ್ 28ರಂದು ಶೇಕಡಾ 25ರ ಸೋಡಿಯಂ ಅಯೊಡೈಡ್ ಬಳಸಿದಾಗ, ಪಿಟ್ಯುಟರಿ ಗಡ್ಡೆಯಿದ್ದ ಇಪ್ಪತ್ತರ ತರುಣನೊಬ್ಬನ ಚಿತ್ರದಲ್ಲಿ ನಾಳಗಳು ಮೂಡಿದವು. ಗಡ್ಡೆ ಅವನ್ನು ಸ್ಥಳಪಲ್ಲಟಗೊಳಿಸಿದ್ದೂ ತೋರಿತು. ಕೆಲವೇ ದಿನಗಳಲ್ಲಿ, ಜುಲೈಯಲ್ಲಿ, ಪ್ಯಾರಿಸ್ಸಿನ ನರವೈದ್ಯರ ಮುಂದೆ ಅದನ್ನು ಮಂಡಿಸಿದರು. ಮುಂದೆ ಅಯೊಡೈಡಿನ ಬದಲು ಅವರು ಬಳಸಿದ ಥೊರೊಟ್ರಾಸ್ಟ್ ನಿಚ್ಚಳ ಚಿತ್ರ ಕೊಟ್ಟಿತು. ಆದರೆ ಅದರಲ್ಲಿದ್ದ ಥೋರಿಯಂ ವಿಕಿರಣಶೀಲ. ಯಕೃತ್ತಿನಲ್ಲಿ ನೆಲೆಸಿ, ದಶಕಗಳ ನಂತರ ಹಲವರಿಗೆ ಕ್ಯಾನ್ಸರ್ ತಂದಿತು.

ಇಷ್ಟಾದರೂ ಮೋನಿಜ್ ಅವರಿಗೆ ನೊಬೆಲ್ ಬಂದುದು ಈ ಸಾಧನೆಗಲ್ಲ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು. 1935ರ ನವೆಂಬರಿನಲ್ಲಿ ಅವರು ಮತ್ತು ಲೀಮಾ, ತೀವ್ರ ಮನೋರೋಗಿಗಳ ಮಿದುಳಿನ ಮುಂಭಾಗದ ನರತಂತುಗಳನ್ನು ಮೊದಲು ಆಲ್ಕೊಹಾಲ್ ಚುಚ್ಚಿ, ಆಮೇಲೆ ಸಾಧನವೊಂದರಿಂದ ಕತ್ತರಿಸಿ ನಾಶಪಡಿಸುವ ಚಿಕಿತ್ಸೆಯನ್ನು ಆರಂಭಿಸಿದರು. ಇಪ್ಪತ್ತು ರೋಗಿಗಳನ್ನು ಅಲ್ಪಕಾಲವಷ್ಟೇ ಗಮನಿಸಿ, ಬಹುಪಾಲು ಮಂದಿಗೆ ಗುಣ ಕಂಡಿತೆಂದು 1936ರಲ್ಲಿ ಪ್ರಕಟಿಸಿದರು. ಅಮೆರಿಕದಲ್ಲಿ ಅದು ಲೊಬಾಟಮಿ ಎಂಬ ಹೆಸರಿನಲ್ಲಿ ಹಬ್ಬಿ, ಸಾವಿರಾರು ಮಂದಿಯನ್ನು ಜಡರನ್ನಾಗಿಸಿತು. 1949ರ ನೊಬೆಲ್ ಬಹುಮಾನದ ಅರ್ಧ ಭಾಗ ಅದಕ್ಕೇ ಸಂದಿತು. 1950ರ ದಶಕದಲ್ಲಿ ಮನೋರೋಗದ ಔಷಧಗಳು ಬಂದ ಮೇಲೆ ಆ ಶಸ್ತ್ರಚಿಕಿತ್ಸೆ ಹಿಂದೆ ಸರಿಯಿತು. ಬಹುಮಾನವನ್ನು ಹಿಂಪಡೆಯಬೇಕೆಂದು ರೋಗಿಗಳ ಬಂಧುಗಳು ಬೇಡಿದರೂ ಅದು ಅವರ ಹೆಸರಿನಲ್ಲೇ ಉಳಿದಿದೆ. ರೋಗಿಯ ಪ್ರಾಣ ಹೋದಾಗ ದ್ರವವನ್ನು ಬದಲಿಸಿದ ಅದೇ ವೈದ್ಯರು, ಇಲ್ಲಿ ಕೆಲವು ವರ್ಷ ಕಾದು ನೋಡುವ ತಾಳ್ಮೆಯನ್ನು ಏಕೆ ತೋರಲಿಲ್ಲವೋ! ಅವರಿಗೆ ಕೆಡುಕಿನ ಉದ್ದೇಶವಿತ್ತೆಂದು ನಾನು ತಿಳಿಯುವುದಿಲ್ಲ. ಆದರೆ ರೋಗಿಯ ಮೌನವನ್ನು ಗುಣವೆಂದು ಎಣಿಸಿದ್ದು ಸಣ್ಣ ತಪ್ಪಲ್ಲ.

1939ರಲ್ಲಿ ಮನೋರೋಗಿಯೊಬ್ಬ ಅವರ ಮೇಲೆ ಗುಂಡು ಹಾರಿಸಿದ, ಬದುಕಿಕೊಂಡರು. 1955ರ ಡಿಸೆಂಬರ್ 13ರಂದು ಲಿಸ್ಬನ್ನಿನಲ್ಲಿ ನಿಧನರಾದರು. ನಮ್ಮ ನೆರೆಯ ಗೋವೆ ಆಗಲೂ ಪೋರ್ಚುಗಲ್ಲಿನ ಕೈಯಲ್ಲೇ ಇತ್ತು. ಅವಾಂಕದ ಅವರ ಮನೆ ಇಂದು ವಸ್ತುಸಂಗ್ರಹಾಲಯವಾಗಿದೆ.

1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಸೂಜಿಯ ಮೂಲಕ ತಂತಿ ತೂರಿಸಿ, ಅದರ ಮೇಲೆ ಕೊಳವೆಯನ್ನು ನಾಳದೊಳಕ್ಕೆ ನಡೆಸುವ ಕ್ರಮವನ್ನು ಪ್ರಕಟಿಸಿದ ಮೇಲೆ ಕೊಳವೆ ಹಾಕಲು ನಾಳವನ್ನು ಕೊಯ್ದು ತೆರೆಯುವ ಅಗತ್ಯ ತಪ್ಪಿತು. ಈಗ ಮಿದುಳಿನ ನಾಳದ ಉಬ್ಬನ್ನು ಒಳಗಿನಿಂದಲೇ ಮುಚ್ಚುವಾಗ ವೈದ್ಯರು ಪರದೆಯ ಮೇಲೆ ನೋಡುವುದು ಇದೇ ಬಗೆಯ ನೆರಳನ್ನು. ಬೆನ್ನುಮೂಳೆಯ ನರದ ಬುಡಕ್ಕೆ ಮದ್ದು ಚುಚ್ಚುವಾಗಲೂ ಸೂಜಿ ಸರಿಯಾದ ಸ್ಥಳದಲ್ಲಿದೆಯೇ ಎಂದು ತಿಳಿಯಲು ಮೊದಲು ಇಂಥದೇ ದ್ರವವನ್ನು ಬಿಡುತ್ತಾರೆ. ಅದರಲ್ಲಿರುವುದು ಸಾಮಾನ್ಯವಾಗಿ ಅಯೊಡಿನ್ನಿನ ಸಂಯುಕ್ತವೇ, ಮೋನಿಜ್ ಬಳಸಿದ್ದಕ್ಕಿಂತ ಬಹಳ ಸೌಮ್ಯವಾದದ್ದು. ಮೇಜಿನ ಮೇಲೆ ಮಲಗಿಸುವ ಮುನ್ನ, ಈ ಹಿಂದೆ ಇಂಥ ದ್ರವ ಮೈಗೆ ಒಗ್ಗದೆ ಹೋದದ್ದುಂಟೇ ಎಂದು ಕೇಳುತ್ತಾರೆ.