ವಕೀಲಿಯ ಗಳಿಕೆ, ವಚನದ ಕಾಯಕ: ಡಾ. ಫ. ಗು. ಹಳಕಟ್ಟಿಯವರ ಬದುಕು

ಜುಲೈ 2 ಬಂದಿತೆಂದರೆ ನಾಡಿನಾದ್ಯಂತ ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಭಾವಚಿತ್ರಕ್ಕೆ ಮಾಲೆ ಬೀಳುತ್ತದೆ. ವಚನ ಪಿತಾಮಹರೆಂದು ಅವರನ್ನು ಸ್ಮರಿಸುತ್ತೇವೆ. ಅವರು ಉಳಿಸಿಕೊಟ್ಟ ಸಾಹಿತ್ಯವನ್ನು ಕೊಂಡಾಡುತ್ತೇವೆ. ಆ ಸಾಹಿತ್ಯಕ್ಕಾಗಿ ಅವರು ತೆತ್ತ ಬೆಲೆಯ ಲೆಕ್ಕ ಮಾತ್ರ ಸಭೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಕೈತುಂಬ ಹಣ ತರುವ ವೃತ್ತಿಯೋ, ಮನಸ್ಸು ಒಪ್ಪಿದ ಕೆಲಸವೋ ಎಂಬ ಗೊಂದಲದಲ್ಲಿ ಇಂದಿನ ತರುಣರೂ ಅವರ ತಂದೆತಾಯಿಗಳೂ ಸಿಲುಕಿರುವ ಈ ಕಾಲದಲ್ಲಿ ಆ ಲೆಕ್ಕವನ್ನು ಒಮ್ಮೆ ತೆರೆದು ನೋಡುವುದು ಉಚಿತವೆನಿಸುತ್ತದೆ.

ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರಹಗಾರರು. ಮನೆಯಲ್ಲಿ ಅಕ್ಷರಕ್ಕೆ ಬರವಿರಲಿಲ್ಲ, ಸಿರಿವಂತಿಕೆಯೇನೂ ಇರಲಿಲ್ಲ. ಧಾರವಾಡದ ಓದು ಮುಗಿಸಿ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಪದವಿ ಪಡೆದರು. 1904ರಲ್ಲಿ ಕಾನೂನು ಪದವೀಧರರಾದರು. ಮುಂಬಯಿಯಲ್ಲಿ ಮರಾಠಿಗರೂ ಗುಜರಾತಿಗಳೂ ತಮ್ಮ ನುಡಿಯ ಬಗ್ಗೆ ತೋರುತ್ತಿದ್ದ ಅಭಿಮಾನವನ್ನು ಕಂಡು, ಕನ್ನಡಿಗರ ಅನಾದರಕ್ಕಾಗಿ ಮರುಗಿದ ತರುಣರಲ್ಲಿ ಅವರೂ ಒಬ್ಬರು. ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ಮಾಡಿ ವಿಜಾಪುರಕ್ಕೆ ಬಂದರು. ಮುಂದೆ ಬದುಕಿನುದ್ದಕ್ಕೂ ಅದೇ ಅವರ ಊರಾಯಿತು.

ಕನ್ನಡ ಸೀಮೆಯಲ್ಲಿ ಕಾನೂನು ಪದವೀಧರರು ವಿರಳರಾಗಿದ್ದ ಕಾಲವದು. ಹೊಲದ ಗಡಿ, ಮನೆತನದ ಪಾಲು, ಸಾಲದ ಪತ್ರ, ಇವುಗಳ ವ್ಯಾಜ್ಯಗಳಿಗೆ ಕೊನೆಯಿರಲಿಲ್ಲ. ವಕೀಲರ ಮನೆಯ ಪಡಸಾಲೆಯಲ್ಲಿ ಕಕ್ಷಿದಾರರು ಮುಂಜಾವಿನಿಂದಲೇ ಕಾದು ಕೂಡುತ್ತಿದ್ದರು. ಬುದ್ಧಿವಂತನಾದ ವಕೀಲನೊಬ್ಬ ಹತ್ತು ವರುಷಗಳಲ್ಲಿ ಮಹಡಿಯ ಮನೆ ಕಟ್ಟಿಸಿ, ಹೊಲ ಕೊಂಡು, ನೆಮ್ಮದಿಯಿಂದ ಇರಬಹುದಾಗಿತ್ತು. ಹಳಕಟ್ಟಿಯವರು ಆ ದಾರಿಯಲ್ಲಿಯೇ ಹೆಜ್ಜೆಯಿಟ್ಟಿದ್ದರು. ವೃತ್ತಿಯಲ್ಲಿ ಹೆಸರು ಬಂದಿತು. ಸರಕಾರಿ ವಕೀಲರೂ ಆದರು. ವಕೀಲಿಯಲ್ಲಿ ಸೋತು ಸಾಹಿತ್ಯದ ಆಸರೆ ಹಿಡಿದವರು ಅವರಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ಓಲೆಗರಿಗಳು ಅವರ ಕಣ್ಣಿಗೆ ಬಿದ್ದದ್ದು ವಿದ್ಯಾರ್ಥಿದೆಸೆಯ ಕೊನೆಯ ಹೊತ್ತಿಗೆ, ರಬಕವಿ-ಬನಹಟ್ಟಿಯ ಕಡೆಯ ಮನೆಯೊಂದರಲ್ಲಿ. ಶರಣರ ವಚನಗಳಿದ್ದ ಇಂಥ ಕಟ್ಟುಗಳು ಆಗ ಎಷ್ಟೋ ಮನೆಗಳ ಜಗುಲಿಯ ಮೇಲಿದ್ದವು. ವಿಭೂತಿ ಹಚ್ಚಿ, ಹೂವೇರಿಸಿ, ಕೈಮುಗಿಯುತ್ತಿದ್ದರು. ಬಿಚ್ಚಿ ಓದುವವರು ಇರಲಿಲ್ಲ. ಪೂಜೆಗೊಳ್ಳುತ್ತಲೇ ಗೆದ್ದಲಿಗೆ ಆಹಾರವಾಗುತ್ತಿದ್ದ ಆ ಕಟ್ಟುಗಳನ್ನು ಓದಿ ನೋಡಿದ ತರುಣನಿಗೆ ಒಳಗಿನ ಮಾತಿನ ತೂಕ ತಿಳಿಯಿತು. ಅಂದಿನಿಂದ ಊರೂರು ಅಲೆದು ಓಲೆಗರಿ ಕೂಡಿಸುವ ಹವ್ಯಾಸ ಹತ್ತಿತು. ಮಠಗಳಲ್ಲಿ ಬೇಡಿದರು, ಮನೆಗಳಲ್ಲಿ ಬೇಡಿದರು. ಕೆಲವರು ಸಂತೋಷದಿಂದ ಕೊಟ್ಟರು; ಮನೆಯ ದೇವರನ್ನೇ ಕೇಳಿದಂತೆ ಕೆಲವರು ಹಿಂಜರಿದರು. ಹೀಗೆ ಕೂಡಿದ ಕಟ್ಟುಗಳ ಸಂಖ್ಯೆ ಕಾಲಕ್ರಮದಲ್ಲಿ ಸಾವಿರವನ್ನು ಮುಟ್ಟಿತು.

ಕೂಡಿಸಿದರಷ್ಟೇ ಮುಗಿಯಲಿಲ್ಲ. ಓಲೆಗರಿಯ ಬರಹದಲ್ಲಿ ಪದಗಳ ನಡುವೆ ತೆರಪಿಲ್ಲ, ವಿರಾಮಚಿಹ್ನೆಗಳಿಲ್ಲ. ಒಂದು ವಚನ ಮುಗಿದಲ್ಲಿಂದಲೇ ಮತ್ತೊಂದು ಆರಂಭವಾಗುತ್ತದೆ. ಮಸಿ ಹಿಡಿಸದ ಹೊರತು ಕಂಠದಿಂದ ಕೊರೆದ ಅಕ್ಷರ ಕಣ್ಣಿಗೆ ಕಾಣದು. ಒಂದೇ ವಚನ ಒಂದು ಪ್ರತಿಯಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆ. ಪ್ರತಿಕಾರನ ಕೈತಪ್ಪು ಯಾವುದು, ಮೂಲದ ಮಾತು ಯಾವುದು ಎಂದು ಅಳೆದು ನೋಡಬೇಕು. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಪ್ರಸಿದ್ಧ ಅಂಕಿತಗಳ ವಚನಕಾರರನ್ನು ಗುರುತಿಸುವುದು ಸುಲಭ. ಹೆಸರೇ ಕೇಳದ ಅಂಕಿತಗಳ ಹಿಂದಿನ ಶರಣರನ್ನು ಹುಡುಕುವುದು ಬೇರೆಯೇ ಮಾತು. ಸಾಕ್ಷಿಯೊಡನೆ ಸಾಕ್ಷಿಯನ್ನು ಇಟ್ಟು ಸತ್ಯಾಸತ್ಯ ತೂಗುವ ವಕೀಲನ ಅಭ್ಯಾಸ ಇಲ್ಲಿ ಅವರ ಕೈಹಿಡಿದಿರಬೇಕೆಂದು ನನಗೆ ತೋರುತ್ತದೆ. ವಚನಕಾರರೆಂದು ವಿದ್ವಾಂಸರು ಅದುವರೆಗೆ ಗುರುತಿಸಿದ್ದ ಹೆಸರುಗಳು ಕೆಲವು ಹತ್ತುಗಳಷ್ಟೇ. ಹಳಕಟ್ಟಿಯವರ ಶೋಧದಿಂದ ಆ ಸಂಖ್ಯೆ 250ರ ಸುತ್ತ ಬಂದು ನಿಂತಿತು.

ಇದೆಲ್ಲ ನಡೆದದ್ದು ನ್ಯಾಯಾಲಯದ ಕೆಲಸದ ಜೊತೆಜೊತೆಗೆ. ವಕೀಲಿಯನ್ನು ಅವರು ಒಂದು ದಿನ ಕೊಡವಿಕೊಂಡು ಎದ್ದುಬಂದರೆಂದು ತಿಳಿಯುವುದು ಸರಿಯಲ್ಲ. ಹಲವು ವರುಷ ಅದರ ಗಳಿಕೆಯೇ ಓಲೆಗರಿಯ ಪ್ರವಾಸಕ್ಕೆ, ಪ್ರತಿ ಮಾಡಿಸುವ ವೆಚ್ಚಕ್ಕೆ ಆಧಾರವಾಗಿತ್ತು. ಕಕ್ಷಿದಾರನಿಗೆ ಸಲ್ಲಬೇಕಾದ ಸಂಜೆಗಳು ಒಂದೊಂದಾಗಿ ವಚನಕ್ಕೆ ಸಂದವು. ಹಾಗೆ ವೃತ್ತಿ ಕರಗಿತು. ಉಳಿದ ಹೊತ್ತೂ ಅವರದಾಗಿರಲಿಲ್ಲ. 1910ರಲ್ಲಿ ವಿಜಾಪುರದ ಲಿಂಗಾಯತ ವಿದ್ಯಾಸಂಸ್ಥೆಯ, ಅಂದರೆ ಇಂದಿನ ಬಿ.ಎಲ್.ಡಿ.ಇ. ಸಂಸ್ಥೆಯ ಸ್ಥಾಪನೆ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು, ಅನಂತರ ಮುಂಬಯಿ ಶಾಸನಸಭೆಯ ಸದಸ್ಯತ್ವ, ಕರ್ನಾಟಕ ಏಕೀಕರಣದ ಕೆಲಸ. ಇವುಗಳಲ್ಲಿ ಒಂದೊಂದರ ಕತೆಯೂ ಪ್ರತ್ಯೇಕ ಲೇಖನವನ್ನು ಬೇಡುತ್ತದೆ.

ಆಯ್ದ ವಚನಗಳನ್ನು ವಿಷಯಾನುಸಾರ ವಿಂಗಡಿಸಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಸಿದ್ಧಪಡಿಸಿದಾಗ ಅಚ್ಚಿನ ಪ್ರಶ್ನೆ ಎದುರಾಯಿತು. ಹಸ್ತಪ್ರತಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಹೋಯಿತು. ಕನ್ನಡದ ಅಂದವಾದ ಅಚ್ಚಿಗೆ ಆಗ ಅದೇ ಹೆಸರಾದ ಸ್ಥಳ. ಹೋದ ಪ್ರತಿ ಅಚ್ಚಾಗದೆ ಮರಳಿ ಬಂದಿತು. ಏಕದೇವನಿಷ್ಠೆಯನ್ನೂ ಸಮಾನತೆಯನ್ನೂ ಇಷ್ಟು ತಿಳಿಯಾಗಿ ಸಾರುವ ಕೃತಿ ತಮ್ಮ ಪ್ರಚಾರಕ್ಕೆ ತೊಡಕಾದೀತೆಂದು ಮಿಶನರಿಗಳು ಅಂಜಿದರೆಂಬುದು ಪ್ರಚಲಿತವಾದ ವಿವರಣೆ. ಕೊನೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಗ್ರಂಥವು ಬೆಳಕು ಕಂಡಿತು. ಶರಣರ ಕೈ ಬಿಟ್ಟ ಜಗುಲಿಯ ಕಟ್ಟನ್ನು ಜೈನ ಬಾಂಧವರ ಅಚ್ಚುಕೂಟ ನಾಡಿಗೆ ತಲುಪಿಸಿತೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಒಂದು ಗ್ರಂಥಕ್ಕೆ ಇಷ್ಟು ಪಾಡಾದರೆ ಸಾವಿರ ಕಟ್ಟುಗಳ ಗತಿಯೇನು? ಹಳಕಟ್ಟಿಯವರು ಕಂಡುಕೊಂಡ ಉತ್ತರ ಸಂಸಾರಸ್ಥನ ಎದೆಯನ್ನು ನಡುಗಿಸುವಂಥದು. ಇದ್ದ ಮನೆಯನ್ನು ಮಾರಿದರು. ಬಂದ ಹಣದಲ್ಲಿ ಯಂತ್ರವನ್ನೂ ಅಚ್ಚಿನ ಮೊಳೆಗಳನ್ನೂ ಕೊಂಡು 1925ರಲ್ಲಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. ಅವರಿಗಾಗ ನಲವತ್ತೈದು ವರುಷ. ಆಸ್ತಿ ಕೂಡಿಸುವ ವಯಸ್ಸು. ಮುಂದೆ ಬಾಡಿಗೆಯ ಮನೆಯಲ್ಲಿ ಸಂಸಾರ ಸಾಗಿತು. ಈ ತ್ಯಾಗವನ್ನು ನಾವು ಅವರೊಬ್ಬರ ಹೆಸರಿಗೆ ಬರೆಯುತ್ತೇವೆ. ಮನೆಯೊಡತಿ ಭಾಗೀರಥಿಬಾಯಿಯವರಿಗೆ ಜೀವನಚರಿತ್ರೆಗಳು ಒಂದೆರಡು ಸಾಲು ಮೀಸಲಿಡುತ್ತವೆ. ಅದು ಸಾಲದು. ಬರಿದಾದ ಕಣಜದ ಮುಂದೆ ನಿತ್ಯವೂ ನಿಲ್ಲಬೇಕಾದವರು ಅವರು.

1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು. ಮರುವರುಷ ‘ನವಕರ್ನಾಟಕ’ ವಾರಪತ್ರಿಕೆ. ಅದೇ 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವೂ ಅವರಿಗೆ ಒಲಿಯಿತು. ಮೂರು ದಶಕಗಳಿಗೂ ಹೆಚ್ಚು ಕಾಲ ‘ಶಿವಾನುಭವ’ ನಡೆಯಿತು. ಒಬ್ಬೊಬ್ಬ ಶರಣರ ವಚನಗಳು, ಹರಿಹರನ ರಗಳೆಗಳು, ‘ಶೂನ್ಯಸಂಪಾದನೆ’ ಹೀಗೆ ಒಂದರ ಹಿಂದೊಂದು ಹೊರಬಂದವು. ಸಂಪಾದಕರು ಅವರೇ, ಕರಡು ತಿದ್ದುವವರೂ ಅವರೇ. ಚಂದಾದಾರರು ಕಡಿಮೆ, ಸಕಾಲಕ್ಕೆ ಚಂದಾ ಕಳಿಸುವವರು ಇನ್ನೂ ಕಡಿಮೆ. ತೇಪೆ ಹಾಕಿದ ಹಳೆಯ ಕೋಟು ತೊಟ್ಟು ವಿಜಾಪುರದ ಬಿಸಿಲಿನಲ್ಲಿ ಓಡಾಡುತ್ತಿದ್ದ ಅವರನ್ನು ಕಂಡವರು ಆ ನೋಟವನ್ನು ದಾಖಲಿಸಿದ್ದಾರೆ. ಆ ಊರಿನಲ್ಲಿ ಕೋರ್ಟಿನ ಕರಿಯ ಕೋಟು ತೊಟ್ಟು ಹೆಸರು ಮಾಡಿದ್ದವರು ಅವರೇ.

ಪ್ರೀತಿಯ ಕೆಲಸ ಹಿಡಿದರೆ ಹಣ ತಾನಾಗಿ ಹಿಂಬಾಲಿಸುತ್ತದೆಂದು ಇಂದು ಯುವಕರಿಗೆ ಧಾರಾಳವಾಗಿ ಉಪದೇಶಿಸಲಾಗುತ್ತದೆ. ಹಳಕಟ್ಟಿಯವರ ಜೀವನ ಆ ಮಾತಿಗೆ ಸಾಕ್ಷಿ ಹೇಳುವುದಿಲ್ಲ. ಹಣ ಹಿಂಬಾಲಿಸಲಿಲ್ಲ, ಮುದ್ರಣಾಲಯ ಲಾಭ ತರಲಿಲ್ಲ, ಮಾರಿದ ಮನೆ ಮರಳಿ ಬರಲಿಲ್ಲ. ಗೌರವಗಳು ಬಂದವು, ಅವೂ ತಡವಾಗಿ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿದಾಗ ಅವರಿಗೆ ಎಪ್ಪತ್ತಾರು ತುಂಬುತ್ತಿತ್ತು. ಹೀಗಿದ್ದೂ ಅವರ ಬದುಕಿನಲ್ಲಿ ಗೊಣಗಾಟದ ಗುರುತು ಸಿಗುವುದಿಲ್ಲ. ಬೆಲೆ ಎಷ್ಟೆಂಬುದನ್ನು ಕೇಳಿ ತಿಳಿದುಕೊಂಡೇ ಕೊಳ್ಳಲು ಹೋದವರಂತೆ ಅವರು ನಡೆದುಕೊಂಡರು. ಕಾಯಕವನ್ನು ಸಾರಿದ ಶರಣರ ಮಾತನ್ನು ಹಗಲಿರುಳು ತಿದ್ದುತ್ತ ಕುಳಿತವರಿಗೆ ಬೇರೆ ಬಗೆಯ ನಡತೆ ಸಾಧ್ಯವೂ ಇರಲಿಲ್ಲವೇನೋ.

1964ರ ಜೂನ್ ತಿಂಗಳ ಕೊನೆಯಲ್ಲಿ, ಎಂಬತ್ತನಾಲ್ಕು ತುಂಬಲು ಕೆಲವೇ ದಿನಗಳಿರುವಾಗ ಅವರು ಲಿಂಗೈಕ್ಯರಾದರು. ಮುಂದೆ ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಅಷ್ಟು ದೊಡ್ಡ ಕೆಲಸಕ್ಕೆ ಸರಕಾರದ ಬೊಕ್ಕಸವೂ ವಿದ್ವಾಂಸರ ಒಂದು ತಂಡವೂ ಬೇಕಾದವು. ಅದರ ಮೊದಲ ಸುತ್ತಿನ ವೆಚ್ಚ ಭರಿಸಿದ್ದು ವಿಜಾಪುರದ ವಕೀಲರೊಬ್ಬರ ಮನೆ.